ಬಾಗಿಲಜ್ಜಿ ಮತ್ತು ಮೂರನೇ ಮಹಡಿ

"ಅಮ್ಮಾ, ಬಾಗಿಲಜ್ಜಿ ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಯಾಕೆ ಒಳಗೆ ಬರ್ತಾಳೆ? ಇನ್ನೊಂದು ಕಾಲು ಅವಳದ್ದಲ್ವಾ?"

ಐದು ವರ್ಷದ ಮಗಳು ಹೀಗೆ ಕೇಳಿದಾಗ ನಾನು ಅವಳ ಜಡೆ ಹೆಣೆಯುತ್ತಿದ್ದೆ. ನಗು ಬಂತು, ಆದರೆ ನಗಲಿಲ್ಲ. ಆ ಪ್ರಶ್ನೆಯ ಮೊದಲರ್ಧವನ್ನು ಈ ಬೀದಿಗೆ ಸೊಸೆಯಾಗಿ ಬಂದಾಗಿನಿಂದ ನಾನೂ ಮನಸ್ಸಿನೊಳಗೇ ಕೇಳಿಕೊಳ್ಳುತ್ತಿದ್ದೆ. ಉತ್ತರ ಸಿಗದ ಪ್ರಶ್ನೆ ನನ್ನೊಳಗೆ ಬಹಳ ದಿನ ಕೂತರೆ ಸಂಶಯವಾಗಿ ಹುಳಿಯುತ್ತದೆ, ಅದು ನನ್ನ ಸ್ವಭಾವ.

ಬಾಗಿಲಜ್ಜಿ ನಮ್ಮ ಬೀದಿಯಲ್ಲಿ ಹಳೆಯ ಬಟ್ಟೆ ಸರಿಮಾಡಿಕೊಡುವ ಹೆಂಗಸು. ಹರಿದದ್ದಕ್ಕೆ ತೇಪೆ, ಬಿಗಿಯಾದದ್ದಕ್ಕೆ ಸಡಿಲ, ಉದ್ದವಾದದ್ದಕ್ಕೆ ಮಡಿಕೆ, ಇವೇ ಅವರ ಕಸುಬು. ಅಳತೆ ತೆಗೆಯಲು ಯಾರ ಮನೆಗೆ ಬಂದರೂ ಹೊಸ್ತಿಲಲ್ಲಿ ಬಲಗಾಲಿನ ಚಪ್ಪಲಿ ಬಿಡುತ್ತಾರೆ, ಬಗ್ಗಿ ಅದನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಒತ್ತಿ ಸಿಕ್ಕಿಸುತ್ತಾರೆ, ಬಾಗಿಲನ್ನು ಒಮ್ಮೆ ತಳ್ಳಿ ಅದು ಮುಚ್ಚುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಉಳಿದ ಒಂದು ಚಪ್ಪಲಿಯಲ್ಲಿ ಟಪ್ ಟಪ್ ಎನ್ನುತ್ತ ಒಳಗೆ ಬರುತ್ತಾರೆ. ಚಳಿಗಾಲದಲ್ಲಿ ಗಾಳಿ, ಬೇಸಿಗೆಯಲ್ಲಿ ಧೂಳು, ವರ್ಷವಿಡೀ ಎದುರುಮನೆಯ ಬೆಕ್ಕು ಆ ಚಪ್ಪಲಿಯ ಹಿಂದೆಯೇ ಒಳನುಗ್ಗುತ್ತವೆ. "ಅಜ್ಜಿ, ಬಾಗಿಲು ಹಾಕ್ಲಾ?" ಅಂದರೆ, "ಇರಲಿ ಬಿಡು, ನಾನೇನು ಬಹಳ ಹೊತ್ತು ಕೂರಲ್ಲ ಅಂತಿಟ್ಕೋ" ಎನ್ನುತ್ತಾರೆ. ಹಾಗೆ ಹೇಳಿ, ಟೀ ಕುಡಿದು, ಇನ್ನರ್ಧ ಲೋಟ ಕೇಳಿ ಕುಡಿದು, ಮಧ್ಯಾಹ್ನವಿಡೀ ಕೂರುತ್ತಾರೆ.

ಈ 'ಅಂತಿಟ್ಕೋ' ಅವರ ಎಲ್ಲ ಮಾತಿನ ಬಾಲ. ಸಂಜೆ ಮಳೆ ಬರುತ್ತೆ ಅಂತಿಟ್ಕೋ. ನಿನ್ನ ಗಂಡನಿಗೆ ಹೊಟ್ಟೆ ಬಂದಿದೆ ಅಂತಿಟ್ಕೋ. ನನಗೆ ಮಕ್ಕಳಿಲ್ಲ ಅಂತಿಟ್ಕೋ. ಯಾವ ವಾಕ್ಯದ ಮೇಲೂ ಅವರು ಪೂರ್ತಿ ಭಾರ ಹಾಕಿ ನಿಲ್ಲುವುದಿಲ್ಲ. ಕಟಕಟೆಯಲ್ಲಿ ನಿಂತು ಬಂದವರ ನಾಲಿಗೆಯ ಎಚ್ಚರ ಅದು ಎಂದು ನನಗೆ ಅನಿಸಿದ್ದು ಬಹಳ ತಡವಾಗಿ. ಮೊದಲಿಗೆ ಅದನ್ನು ನನ್ನ ದಿನಚರಿಯಲ್ಲಿ ತಮಾಷೆಗೆ ಬರೆದುಕೊಂಡಿದ್ದೆ.

ಅವರ ಕೋಟಿನ ಬಗ್ಗೆ ಹೇಳಲೇಬೇಕು. ಯಾರೋ ಗಂಡಸಿನ ಕಪ್ಪು ಕೋಟನ್ನು ತಮ್ಮ ಅಳತೆಗೆ ಇಳಿಸಿ, ತೋಳು ಕತ್ತರಿಸಿ, ಜೇಬುಗಳನ್ನು ದುಪ್ಪಟ್ಟು ಆಳ ಮಾಡಿಕೊಂಡು ಹನ್ನೆರಡು ತಿಂಗಳೂ ತೊಡುತ್ತಾರೆ. ಕೊರಳಲ್ಲಿ ಅಂಕಿ ಮಾಸಿದ ಅಳತೆಪಟ್ಟಿ. ಕಾಲರಿನ ಒಂದು ಮೈಯಲ್ಲಿ ಸೂಜಿಗಳು, ಗುಂಡುಪಿನ್ನುಗಳು, ಬೇರೆ ಬೇರೆ ಬಣ್ಣದ ನೂಲಿನ ತುಂಡುಗಳು ಪದಕಗಳಂತೆ ಸಾಲಾಗಿ ಚುಚ್ಚಿರುತ್ತವೆ. ನನ್ನ ಮಗಳು ಓಡಿಹೋಗಿ ತಬ್ಬಿಕೊಳ್ಳುವ ಮುಂಚಿನ ಅರೆಕ್ಷಣದಲ್ಲಿ ಅವರ ಕೈ ಕಾಲರನ್ನು ಒಳಕ್ಕೆ ಮಡಿಚಿಬಿಡುತ್ತದೆ. ಒಂದು ಸೂಜಿಯೂ ಆ ಕೆನ್ನೆಗೆ ಇದುವರೆಗೆ ತಾಗಿಲ್ಲ. ಆ ಕೈಯ ಚುರುಕನ್ನು ಕಂಡಾಗ ನನ್ನ ಸಂಶಯಕ್ಕೆ ನಾಚಿಕೆಯಾಗುತ್ತದೆ, ಆಮೇಲೆ ಅದು ಇನ್ನೊಂದು ಮಗ್ಗುಲಿನಿಂದ ಮತ್ತೆ ಎದ್ದು ಬರುತ್ತದೆ: ಇಷ್ಟೊಂದು ಜಾಗ್ರತೆ ಯಾರು ಕಲಿಸಿದರು ಇವರಿಗೆ?

ನಡೆಯುವುದು ಗೋಡೆಯ ಪಕ್ಕದಲ್ಲೇ, ಭುಜ ತಾಗುವಷ್ಟು ಹತ್ತಿರ. ಮೆಟ್ಟಿಲಿಳಿಯುವಾಗ ಯಾವತ್ತೂ ಕೊನೆಯವರು. ಮಗಳ ಶಾಲೆಯ ವಾರ್ಷಿಕ ದಿನಕ್ಕೆ ಮಕ್ಕಳ ವೇಷದ ಬಟ್ಟೆ ಹೊಲಿದುಕೊಟ್ಟವರು ಅವರೇ ಆದ್ದರಿಂದ ಅವರನ್ನೂ ಕರೆದಿದ್ದರು. ಕಾರ್ಯಕ್ರಮ ಮುಗಿದು ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಡುತ್ತಿದ್ದಾಗ, "ನೀವು ನಡೀರಿ, ನಾನು ಬರ್ತೀನಿ" ಎಂದು ಅವರು ಹಿಂದೆ ನಿಂತರು. ಮಗಳ ನೀರಿನ ಬಾಟಲಿ ಮರೆತು ನಾನು ವಾಪಸು ಹೋದರೆ, ಖಾಲಿ ಸಭಾಂಗಣದ ಮಧ್ಯೆ ಒಬ್ಬರೇ ನಿಂತು ಸಾಲು ಸಾಲು ಕುರ್ಚಿಗಳ ಕೆಳಗೆಲ್ಲ ಬಗ್ಗಿ ನೋಡುತ್ತಿದ್ದರು. ಏನಾದರೂ ಕಳೆದುಕೊಂಡಿರಾ ಎಂದೆ. "ಯಾರೂ ಉಳಿದಿಲ್ಲ ಅಂತಿಟ್ಕೋ" ಎಂದು ಹೇಳಿ ನನ್ನನ್ನು ದಾಟಿ ಹೊರಗೆ ಹೋದರು.

ನಮ್ಮ ಅಡುಗೆಮನೆಯ ಕಿಟಕಿಯ ಎದುರಿಗೆ, ಒಂದು ಓಣಿಯಷ್ಟೇ ಅಂತರದಲ್ಲಿ, ಮೂರು ಮಹಡಿಯ ಸುಟ್ಟ ಕಟ್ಟಡವೊಂದು ನಿಂತಿದೆ. ಒಂದು ಕಾಲಕ್ಕೆ ಅದು ಬಟ್ಟೆ ಹೊಲಿಯುವ ಕಾರ್ಖಾನೆ. ಕಿಟಕಿಗಳ ಮೇಲ್ಭಾಗದಲ್ಲಿ ಹೊಗೆಯ ಮಸಿ ಬಾಗಿ ಹಿಡಿದಿರುವುದರಿಂದ ನನ್ನ ಮಗಳು ಅದನ್ನು 'ಹುಬ್ಬಿನ ಮನೆ' ಎನ್ನುತ್ತಾಳೆ. ಇಪ್ಪತ್ತು ವರ್ಷದ ಹಿಂದೆ ಎರಡನೇ ಮಹಡಿಯ ಇಸ್ತ್ರಿ ವಿಭಾಗದಲ್ಲಿ ಬೆಂಕಿ ಹೊತ್ತಿಕೊಂಡು, ಮೂರನೇ ಮಹಡಿಯಲ್ಲಿ ಹೊಲಿಯುತ್ತಿದ್ದ ಹನ್ನೊಂದು ಮಂದಿ ಹೆಂಗಸರು ಉಸಿರುಕಟ್ಟಿ ಸತ್ತರು. ಮುಂದಿನ ಮೆಟ್ಟಿಲಿನಲ್ಲಿ ಬೆಂಕಿಯಿತ್ತು. ಹಿಂದಿನ ಮೆಟ್ಟಿಲಿಗೆ ಹೋಗುವ ಕಬ್ಬಿಣದ ಬಾಗಿಲು ಶಾಖಕ್ಕೆ ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು, ಹಾಗಾಗಿ ತೆರೆಯಲಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತಂತೆ. ಆಕಸ್ಮಿಕ, ಯಾರ ತಪ್ಪೂ ಇಲ್ಲ. ಆ ಮಹಡಿಯ ಮೇಸ್ತ್ರಿಣಿಯಾಗಿದ್ದು, ಅವತ್ತು ಏನೋ ಕೆಲಸಕ್ಕೆ ಕೆಳಗಿಳಿದಿದ್ದರಿಂದ ಬದುಕಿ ಉಳಿದವರು ಒಬ್ಬರೇ. ಅವರೇ ಬಾಗಿಲಜ್ಜಿ.

ಇಷ್ಟು ತಿಳಿದ ಮೇಲೆ ಚಪ್ಪಲಿಯ ಅರ್ಥ ಆಯಿತಲ್ಲ ಎಂದು ಯಾರಾದರೂ ಅನ್ನಬಹುದು. ನನಗೂ ಕೆಲಕಾಲ ಹಾಗೇ ಅನಿಸಿತ್ತು, ಹೋದ ವರ್ಷ ನಮ್ಮ ಬಚ್ಚಲಿನ ಪ್ರಸಂಗ ನಡೆಯುವವರೆಗೆ.

ಮಗಳು ಆಟವಾಡುತ್ತ ಬಚ್ಚಲಿನ ಚಿಲಕ ಒಳಗಿಂದ ಹಾಕಿಕೊಂಡು, ತೆಗೆಯಲು ಬಾರದೆ ಅಳತೊಡಗಿದಳು. ನಾನು ಹೊರಗಿನಿಂದ, "ಮೇಲಕ್ಕೆತ್ತು ಕಂದಾ, ಪಕ್ಕಕ್ಕೆ ಎಳಿ" ಎಂದು ಸಮಾಧಾನವಾಗಿಯೇ ಹೇಳುತ್ತಿದ್ದೆ. ಅಂಥ ಅಪಾಯವೇನೂ ಇರಲಿಲ್ಲ. ಪರದೆಗೆ ಅಂಚು ಹೊಲಿಯುತ್ತ ಕೂತಿದ್ದ ಬಾಗಿಲಜ್ಜಿ ಎದ್ದು ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಬಾಗಿಲನ್ನು ಮುಟ್ಟಲಿಲ್ಲ, ಕೂಗಲಿಲ್ಲ; ತಮ್ಮ ಬಲಗೈಯನ್ನು ಸೊಂಟದ ಹತ್ತಿರ ಒಯ್ದು, ಅಲ್ಲಿಲ್ಲದ ಏನನ್ನೋ ಬೆರಳುಗಳಿಂದ ಹುಡುಕುತ್ತ, ಹುಡುಕುತ್ತ ನಿಂತೇ ಇದ್ದರು. ಅಷ್ಟರಲ್ಲಿ ಮಗಳು ಚಿಲಕ ಎಳೆದು ಹೊರಬಂದಳು, ಮೂಗು ಒರೆಸಿಕೊಂಡು ಬಿಸ್ಕತ್ತು ಕೇಳಿದಳು. ಮರುದಿನ ಬೆಳಿಗ್ಗೆ ಬಾಗಿಲಜ್ಜಿ ಸ್ಕ್ರೂಡ್ರೈವರ್ ತಂದು, ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಮನೆಯ ಒಳಬಾಗಿಲುಗಳ ಚಿಲಕಗಳನ್ನೆಲ್ಲ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡು ಹೋದರು.

"ಇನ್ಮೇಲೆ ನಮ್ಮನೆಗೆ ಬಂದ ನೆಂಟರು ಹಾಡು ಹೇಳ್ತಾ ಸ್ನಾನ ಮಾಡ್ಬೇಕು, ಇಲ್ದಿದ್ರೆ ಮರ್ಯಾದೆ ಉಳಿಯಲ್ಲ" ಎಂದರು ನನ್ನ ಗಂಡ.

ನಾನು ನಕ್ಕೆ. ಆದರೆ ಆ ಕೈ ನನ್ನ ಕಣ್ಣಿನಿಂದ ಹೋಗಲಿಲ್ಲ. ಬಾಗಿಲು ಕಚ್ಚಿಕೊಂಡದ್ದನ್ನು ಕಂಡು ಹೆದರಿದವರು ತಳ್ಳಲು ಹೋಗುತ್ತಾರೆ, ಒದೆಯಲು ಹೋಗುತ್ತಾರೆ. ಸೊಂಟ ಮುಟ್ಟಿಕೊಳ್ಳುವವರು ಯಾರು?

ಈಗ ಎರಡು ತಿಂಗಳ ಹಿಂದೆ ನಗರಸಭೆಯವರು ಆ ಕಟ್ಟಡದ ಗೋಡೆಗೆ ನೋಟಿಸು ಅಂಟಿಸಿದರು. ಕೆಡವಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲು ಸಭೆ, ಬೀದಿಯವರು ಬಂದು ಅಭಿಪ್ರಾಯ ಹೇಳಬಹುದು. ಹಳೆಯ ಮಾಲೀಕರು ತೀರಿಕೊಂಡಿದ್ದಾರೆ. ಅವರ ಮಗ, ಮಾತನಾಡುವಾಗ ಎರಡೂ ಕೈ ಜೋಡಿಸಿಯೇ ಇರುವ ನಯವಾದ ಮನುಷ್ಯ, ಕಟ್ಟಡ ಉಳಿಸೋಣ ಎಂದ. ತನ್ನದೇ ಖರ್ಚಿನಲ್ಲಿ ಬಣ್ಣ ಬಳಿಸಿ, ಹೊಸ ಬಾಗಿಲು ಕಿಟಕಿ ಕೂರಿಸಿ, ಸತ್ತವರ ಭಾವಚಿತ್ರ ಹಾಕಿ, 'ಆಕಸ್ಮಿಕ ದುರಂತದಲ್ಲಿ ಅಗಲಿದವರ ನೆನಪಿಗೆ' ಎಂದು ಫಲಕ ಇಟ್ಟು ಸ್ಮಾರಕ ಮಾಡಿಕೊಡುತ್ತಾನಂತೆ. ನಮ್ಮ ಬೀದಿಯ ತುದಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವನ ತಂಗಿ ಆ ಹನ್ನೊಂದು ಮಂದಿಯಲ್ಲಿ ಒಬ್ಬಳು. ಅವನು ಇದನ್ನು ಕೇಳಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ.

"ಅಕ್ಕಾ, ನನ್ನ ತಂಗಿ ಫೋಟೋ ನಮ್ಮನೇಲಿದೆ. ಅವಳು ಉಸಿರು ಕಟ್ಟಿ ಒದ್ದಾಡಿದ ಗೋಡೆ ನನಗೆ ಯಾಕೆ? ಪುಡಿ ಮಾಡ್ಲಿ. ಅದರ ಮೇಲೆ ಮಕ್ಕಳು ಜಾರುಬಂಡೆ ಆಡ್ಲಿ."

ನನಗೂ ಅದೇ ಸರಿ ಎನಿಸಿತು. ಇಲಿ, ತೇವ, ಮಸಿ, ರಾತ್ರಿ ಗಾಳಿಗೆ ಬಡಿದುಕೊಳ್ಳುವ ಕಿಟಕಿ ಇವೆಲ್ಲ ಸಾಕಾಗಿದ್ದವು. ಎದುರಿಗೊಂದು ಆಟದ ಬಯಲು ಬಂದರೆ ಪಾತ್ರೆ ತೊಳೆಯುತ್ತಲೇ ಮಗಳ ಮೇಲೆ ಕಣ್ಣಿಡಬಹುದೆಂಬ ಲೆಕ್ಕವೂ ಇತ್ತು. ಹಾಗಾಗಿ ಕೆಡವಬೇಕೆಂದು ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುವ ಕೆಲಸವನ್ನು ನಾನೇ ಹೊತ್ತೆ. ಬಾಗಿಲಜ್ಜಿಯ ಮನೆಗೆ ಕೊನೆಯಲ್ಲಿ ಹೋದೆ. ಅವರು ಯಾವುದೋ ಹುಡುಗನ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕುತ್ತಿದ್ದರು.

"ಕೆಡವೋದಾ? ಬೇಡ ಅಂತಿಟ್ಕೋ."

"ಯಾಕಜ್ಜಿ?"

"ಇರಲಿ ಬಿಡು."

"ಹಾಗಾದ್ರೆ ಮಾಲೀಕರ ಮಗ ಹೇಳೋ ಹಾಗೆ ಸ್ಮಾರಕ ಆಗ್ಲಿ ಅಂತೀರಾ?"

"ಅದಂತೂ ಬೇಡವೇ ಬೇಡ."

"ಮತ್ತೆ ನಿಮಗೆ ಏನು ಬೇಕು?"

ಅವರು ನೂಲನ್ನು ಹಲ್ಲಿನಿಂದ ಕಡಿದರು. "ಈಗ ಹೇಗಿದೆಯೋ ಹಾಗೇ ಇರಬೇಕು. ಒಂದು ಮೊಳೆ ಕೂಡ ಅಲುಗಬಾರದು."

ಸುಟ್ಟ ಗೋಡೆಯನ್ನು ಸುಟ್ಟ ಹಾಗೆಯೇ ಇಟ್ಟುಕೊಂಡು ಏನು ಮಾಡುತ್ತಾರೆ? ನೆನಪಿಗೆಂದರೆ ಸ್ಮಾರಕ ಬೇಡವೆನ್ನುತ್ತಾರೆ, ನೋವೆಂದರೆ ಕೆಡವುವುದೂ ಬೇಡವೆನ್ನುತ್ತಾರೆ. ಎರಡರ ನಡುವೆ ಉಳಿಯುವುದು ಲಾಭ ಒಂದೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಅದೇ ವಾರ ಮಾಲೀಕರ ಮಗನ ಕಾರು ಅವರ ಮನೆಯ ಮುಂದೆ ನಿಂತದ್ದನ್ನು ಕಂಡಾಗ ನನ್ನ ಸಂಶಯಕ್ಕೆ ಕೈಕಾಲು ಬಂತು. ಮೇಲೆ ಜಗಳದ ಹಾಗೆ ತೋರಿಸುತ್ತ ಒಳಗೊಳಗೇ ಒಂದಾಗಿದ್ದಾರೆ ಎಂದು ಗಂಡನ ಹತ್ತಿರ ಹೇಳಿದೆ.

"ನಿನ್ನನ್ನ ಅಡುಗೆಮನೇಲಿ ಇಟ್ಕೊಂಡು ನಾನು ದೇಶಕ್ಕೆ ಅನ್ಯಾಯ ಮಾಡ್ತಿದೀನಿ ಕಣೇ. ನೀನು ಪತ್ತೇದಾರಿಕೆಗೆ ಸೇರ್ಬೇಕಿತ್ತು."

"ನಗಬೇಡಿ. ಆ ಅಜ್ಜಿ ಏನೋ ಮುಚ್ಚಿಡ್ತಿದ್ದಾರೆ."

"ಬಾಗಿಲನ್ನೇ ಮುಚ್ಚದವರು ಇನ್ನೇನು ಮುಚ್ಚಿಡ್ತಾರೆ?"

ಮೊನ್ನೆ ಮಂಗಳವಾರ ಬೆಳಿಗ್ಗೆ, ಸಭೆಗೆ ಇನ್ನೂ ಮೂರು ದಿನವಿರುವಾಗಲೇ, ಮಾಲೀಕರ ಮಗನ ಕಡೆಯ ಪೇಂಟರುಗಳು ಬಂದರು. 'ಸುಮ್ಮನೆ ಸ್ವಲ್ಪ ಚೊಕ್ಕಟ ಮಾಡ್ತೀವಿ' ಎಂದರಂತೆ. ನಾನು ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡುತ್ತಿದ್ದೆ. ಮೂರನೇ ಮಹಡಿಯ ಆ ಕಬ್ಬಿಣದ ಬಾಗಿಲು, ಅಗ್ನಿಶಾಮಕದವರು ಅಂದು ಕೀಲು ಸಮೇತ ಕಿತ್ತು ತೆಗೆದದ್ದು, ಇವತ್ತಿಗೂ ನಮ್ಮ ಕಿಟಕಿಗೆ ಕಾಣುವ ಹಾಗೆ ಪಕ್ಕದ ಗೋಡೆಗೆ ಒರಗಿಕೊಂಡೇ ಇದೆ. ಪೇಂಟರುಗಳಲ್ಲಿ ಇಬ್ಬರು ಅದನ್ನು ಎತ್ತಲು ಬಗ್ಗಿದರು. ಎಲ್ಲಿದ್ದರೋ, ಹೇಗೆ ಹತ್ತಿದರೋ, ಬಾಗಿಲಜ್ಜಿ ಅಲ್ಲಿ ಪ್ರತ್ಯಕ್ಷರಾಗಿ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತರು. ಕಪ್ಪು ಕೋಟಿನಲ್ಲಿ, ಮಸಿಗೋಡೆಯ ಮುಂದೆ, ಅವರ ಮುಖವೊಂದೇ ಕಾಣುತ್ತಿತ್ತು. ಮಾತು ನನಗೆ ಕೇಳಿಸಲಿಲ್ಲ. ಆದರೆ ಪೇಂಟರುಗಳು ಡಬ್ಬಿ ಎತ್ತಿಕೊಂಡು ಇಳಿದು ಹೋದದ್ದನ್ನು ಕಂಡೆ. ಅವರು ಹೋದ ಮೇಲೆ ಅಜ್ಜಿ ತಿರುಗಿ ಬಾಗಿಲಿನ ಅಂಚಿನಲ್ಲಿ, ಎದೆಯ ಎತ್ತರದ ಒಂದು ಜಾಗವನ್ನು ಕೋಟಿನ ತುದಿಯಿಂದ ಒರೆಸಿದ್ದನ್ನೂ ಕಂಡೆ. ಗುರುತು ಅಳಿಸುತ್ತಿದ್ದಾರೆ ಎಂದುಕೊಂಡೆ. ಅವತ್ತು ಅನ್ನ ತಳ ಹಿಡಿಯಿತು.

ನಿನ್ನೆ ಮಧ್ಯಾಹ್ನ ಮಗಳು ಶಾಲೆಯಲ್ಲಿದ್ದಾಗ ಬಾಗಿಲಜ್ಜಿ ಅವಳಿಗೆಂದು ಹೊಲಿದ ಲಂಗ ಕೊಡಲು ಬಂದರು. ನಾನು ಟೀ ಕೊಡುವ ಮೊದಲೇ ಕೇಳಿಬಿಟ್ಟೆ.

"ಮಾಲೀಕರ ಮಗ ನಿಮ್ಮ ಮನೆಗೆ ಯಾಕೆ ಬಂದಿದ್ದ, ಅಜ್ಜಿ?"

"ಸುಮ್ನಿರು ಅನ್ನೋಕೆ ಬಂದಿದ್ದ ಅಂತಿಟ್ಕೋ."

"ಈ ಇಟ್ಕೊಳ್ಳೋದು ಗಿಟ್ಕೊಳ್ಳೋದು ಬೇಡ. ಯಾವ ವಿಷಯಕ್ಕೆ ಸುಮ್ನಿರ್ಬೇಕು ನೀವು?"

ಅವರು ನನ್ನನ್ನು ನೋಡಿದ ರೀತಿ ವಿಚಿತ್ರವಾಗಿತ್ತು. ಸಿಕ್ಕಿಬಿದ್ದವರ ಭಯಕ್ಕಿಂತ, ಬಹಳ ಹೊತ್ತಿನಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಕಂಡವರ ದಣಿವು ಅದರಲ್ಲಿತ್ತು.

"ಆ ಬಾಗಿಲು ಕಚ್ಚಿಕೊಂಡಿರ್ಲಿಲ್ಲ ಮಗಳೇ. ನಾನು ಬೀಗ ಹಾಕಿದ್ದೆ."

ಬೆಂಕಿ ಬಿದ್ದ ದಿನ ಶಾಲಾ ಮಕ್ಕಳ ನೀಲಿ ಸಮವಸ್ತ್ರದ ಕೆಲಸವಿತ್ತಂತೆ, ಅವತ್ತೇ ಮುಗಿಯಬೇಕಿತ್ತಂತೆ. ನೂಲು ಮುಗಿದು ಹೊಸ ಉರುಳೆ ತೆಗೆದರೆ ಬಣ್ಣ ಹೊಂದುತ್ತದೋ ಇಲ್ಲವೋ ಎಂದು ಅನುಮಾನ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೀಲಿ ಬಣ್ಣ ಮೋಸ ಮಾಡುತ್ತದೆ, ಬಿಸಿಲಿನಲ್ಲಿ ಹಿಡಿದೇ ನೋಡಬೇಕು ಎನ್ನುವುದು ಅವರ ಕಸುಬಿನ ನಿಷ್ಠೆ. ಹಿಂದಿನ ಬಾಗಿಲು ತೆರೆದಿದ್ದರೆ ಹುಡುಗಿಯರು ಗಾಳಿಗೆಂದು ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ, ಮಾಲೀಕರು ಕಂಡರೆ ಮೇಸ್ತ್ರಿಣಿಯನ್ನು ಬೈಯುತ್ತಾರೆ. ಅದಕ್ಕೆ ದಿನಾ ಮಾಡುವ ಹಾಗೆ ಬೀಗ ತಿರುಗಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ನಿಮಿಷದ ಕೆಲಸವೆಂದು ಕೆಳಗಿಳಿದರು. ಬೀದಿಯಲ್ಲಿ ನಿಂತು ಬಟ್ಟೆಯ ಮೇಲೆ ಎರಡು ಎಳೆ ನೂಲು ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗ ಮೇಲಿಂದ ಕೂಗು ಕೇಳಿತು.

"ಓಡಿದೆ. ಹಿಂದಿನ ಮೆಟ್ಟಿಲಲ್ಲಿ ಎರಡನೇ ಮಹಡಿ ತನಕ ಹತ್ತಿದೆ. ಅಷ್ಟೊತ್ತಿಗೆ ಅಲ್ಲಿಗೂ ಹೊಗೆ ಬಂದಿತ್ತು. ಆಮೇಲೆ ಹತ್ತೋಕೆ ಆಗ್ಲಿಲ್ಲ ಅಂತ ವಿಚಾರಣೇಲಿ ಹೇಳ್ದೆ. ಆಗ್ಲಿಲ್ಲವೋ, ನಾನೇ ಹತ್ಲಿಲ್ಲವೋ... ಹತ್ಲಿಲ್ಲ. ಬೀಗ ಹಾಕಿರದಿದ್ರೆ ಹೊಗೆ ಬರೋ ಮುಂಚೆನೇ ಅವರೆಲ್ಲ ಇಳಿದುಬಿಡ್ತಿದ್ರು."

"ಕೀಲಿ?"

"ಸಂಜೆ ಮಾಲೀಕರು ಬಂದ್ರು. ಕೈ ಚಾಚಿದ್ರು. ಕೊಟ್ಟೆ. ಆಮೇಲೆ ಇಬ್ಬರೂ ಒಂದೇ ಸುಳ್ಳಿನ ನೆರಳಲ್ಲಿ ಬದುಕಿದ್ವಿ. ಅವರು ಸತ್ರು. ನಾನು ಇದೀನಿ."

ಬಾಗಿಲಿನ ಅಂಚಿನಲ್ಲಿ ಅವರು ಒರೆಸಿದ್ದು ಬೀಗದ ನಾಲಿಗೆಯನ್ನು. ಕೀಲಿ ತಿರುಗಿಸಿದಾಗ ಹೊರಚಾಚಿದ ಆ ಕಬ್ಬಿಣದ ತುಂಡು ಬಾಗಿಲು ಕಿತ್ತ ಮೇಲೂ ಹಾಗೆಯೇ ಹೊರಚಾಚಿಕೊಂಡಿದೆಯಂತೆ. ವಿಚಾರಣೆಗೆ ಬಂದವರೂ ಅದನ್ನು ನೋಡಿರಬೇಕು, ನೋಡದವರ ಹಾಗೆ ಬರೆದುಕೊಂಡು ಹೋಗಿರಬೇಕು. ಧೂಳು ಕೂತು ತುಕ್ಕಿನಲ್ಲಿ ಮರೆಯಾಗದಿರಲೆಂದು ಅಜ್ಜಿ ಆಗಾಗ ಹತ್ತಿಹೋಗಿ ಒರೆಸಿ ಬರುತ್ತಾರೆ. ಗುರುತು ಅಳಿಸುತ್ತಿದ್ದಾರೆ ಎಂದು ನಾನು ಅಂದುಕೊಂಡದ್ದು, ಗುರುತನ್ನು ಉಳಿಸಿಕೊಳ್ಳುವ ಕೆಲಸವಾಗಿತ್ತು.

"ನೋಡು, ಕಟ್ಟಡ ಕೆಡವಿದ್ರೆ ನಾನು ಬಚಾವ್. ಬಣ್ಣ ಬಳಿದು ಹೊಸ ಬಾಗಿಲು ಕೂರಿಸಿ ಉಳಿಸಿದ್ರೂ ನಾನು ಬಚಾವ್. ಊರಿಗೆ ಊರೇ ಸೇರಿ ನನ್ನನ್ನ ಬಚಾವ್ ಮಾಡೋಕೆ ಹೊರಟಿದೆ, ನೀನೂ ಸೇರಿ. ಸಭೇಲಿ ನಾನು ಬಾಯಿ ಬಿಟ್ಟು ಹೇಳಿದ್ರೆ, ವಯಸ್ಸಾಗಿ ತಲೆ ಕೆಟ್ಟಿದೆ ಅಂತ ಆ ಹುಡುಗ ಕೈ ಮುಗಿದು ಹೇಳ್ತಾನೆ. ಆ ನಾಲಿಗೆ ಅಲ್ಲಿದ್ರೆ ಮಾತ್ರ ನನ್ನ ನಾಲಿಗೆಗೆ ಬೆಲೆ."

ನಾನು ಮಗಳ ಲಂಗವನ್ನು ಮಡಿಚಿದೆ, ಬಿಚ್ಚಿದೆ, ಮತ್ತೆ ಮಡಿಚಿದೆ. ಒಳಗೆ ಒರಟಾಗಿ ಚುಚ್ಚದಿರಲೆಂದು ಅದರ ಹೊಲಿಗೆಗೆಲ್ಲ ಅವರು ಮೆತ್ತನೆಯ ಪಟ್ಟಿ ಕೊಟ್ಟಿದ್ದರು. ಇಷ್ಟು ಮೃದುವಾದ ಕೈ ಆ ಬೀಗ ತಿರುಗಿಸಿದ ಕೈಯೇ ಎಂದು ನಂಬಲು ಕಷ್ಟವಾಯಿತು. ನಂಬಿದ ಮೇಲೆ ಆ ಕೈ ಹೊಲಿದ ಲಂಗ ಇಟ್ಟುಕೊಳ್ಳಲು ಇನ್ನೂ ಕಷ್ಟವಾಯಿತು. ನನ್ನ ಸಂಶಯ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷ ಇಲ್ಲದ್ದು ಈಗೇಕೆ? ಮಾಲೀಕರು ಸಾಯುವವರೆಗೆ ಕಾದದ್ದು ಹೆದರಿಕೆಯೋ, ಅಥವಾ ತಪ್ಪನ್ನು ಅರ್ಧರ್ಧ ಹಂಚಿಕೊಳ್ಳಲು, ಅಲ್ಲವೆನ್ನುವವರು ಎದುರಿಗೆ ಯಾರೂ ಇಲ್ಲದ ಹೊತ್ತು ನೋಡಿಕೊಂಡದ್ದೋ? ನಮ್ಮ ಇಸ್ತ್ರಿಯವನು ವಾರ ವಾರ ಆ ಕಪ್ಪು ಕೋಟಿಗೆ ಇಸ್ತ್ರಿ ಹಾಕಿ, ಸೂಜಿಗಳನ್ನು ಇದ್ದ ಜಾಗಕ್ಕೇ ಚುಚ್ಚಿ ಕೊಡುತ್ತಾನೆ. 'ತಂಗಿ ಜೊತೆ ಕೆಲಸ ಮಾಡಿದವರು' ಎಂಬ ಗೌರವ ಅವನದು. ಆ ಗೌರವವನ್ನು ಇವರು ಹೇಗೆ ತೊಟ್ಟುಕೊಂಡು ತಿರುಗಿದರು?

ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆಂದು ನನಗೀಗ ಅನಿಸುತ್ತದೆ. ತಮ್ಮ ತಪ್ಪನ್ನು ಒಂದು ವಿಚಿತ್ರ ಅಭ್ಯಾಸವಾಗಿ ತೊಟ್ಟುಕೊಂಡು ನಮ್ಮ ನಡುವೆಯೇ ಓಡಾಡುತ್ತಾರೆ. ನಾವು ಅದಕ್ಕೊಂದು ಅಡ್ಡಹೆಸರು ಕೊಟ್ಟು, ನಕ್ಕು, ಮಕ್ಕಳಿಗೆ ತೋರಿಸಿ ಸುಮ್ಮನಾಗುತ್ತೇವೆ. ಒಪ್ಪಿಕೊಳ್ಳುವ ಧೈರ್ಯ ಅವರಿಗಿರುವುದಿಲ್ಲ, ಮರೆಯುವ ಧೈರ್ಯವೂ ಇರುವುದಿಲ್ಲ. ಆದ್ದರಿಂದ ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಕಾಯುತ್ತ, ಯಾರಾದರೂ ಬಂದು ಹಿಡಿಯಲಿ ಎಂದು ಮುದಿಯಾಗುತ್ತಾರೆ. ನಾವು ಕೆಡವಿದರೂ, ಪೂಜಿಸಿದರೂ ಅವರಿಗೆ ಒಂದೇ ಅನ್ಯಾಯ: ಎರಡರಲ್ಲೂ ಯಾರೂ ಅವರನ್ನು ಏನೂ ಕೇಳುವುದಿಲ್ಲ. ಪ್ರೀತಿಸುವವರಿಂದ ಅವರಿಗೆ ಉಪಯೋಗವಿಲ್ಲ, ಪ್ರೀತಿ ಬೇಗ ಕ್ಷಮಿಸಿಬಿಡುತ್ತದೆ. ಅವರು ಹುಡುಕುವುದು ನಂಬದವರನ್ನು.

ಹೊರಡುವಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ನನಗೊಂದು ಉಪಕಾರ ಮಾಡು. ಈ ಬೀದೀಲಿ ನನ್ನನ್ನ ನಂಬದೇ ಇರೋಳು ನೀನೊಬ್ಬಳೇ, ಅದಕ್ಕೇ ನಿನ್ನ ಹತ್ರ ಕೇಳ್ತಿದೀನಿ. ಶುಕ್ರವಾರ ನಾನು ಸಭೇಲಿ ಮುಂದಿನ ಸಾಲಲ್ಲೇ ಕೂತಿರ್ತೀನಿ, ಇಸ್ತ್ರಿಯವನೂ ಇರ್ತಾನೆ. ನಾನಾಗಿ ಎದ್ದು ನಿಲ್ತೀನಿ ಅನ್ನೋ ಧೈರ್ಯ ನನಗಿಲ್ಲ. ನೀನು ಎದ್ದು ನಿಲ್ಲು. ಆ ಬಾಗಿಲಿಗೆ ಬೀಗ ಹಾಕಿದ್ದು ಯಾರು ಅಂತ ನನ್ನ ಹೆಸರು ಹಿಡಿದು ಕೇಳು, ಎಲ್ಲರಿಗೂ ಕೇಳೋ ಹಾಗೆ. ಅಜ್ಜಿ ಅಂತ ಮೆತ್ತಗೆ ಕೇಳ್ಬೇಡ."